ಸಿಗಡಿಗೆ ಹತ್ತು ನಿಮಿಷ, ಗೇರುಬೀಜಕ್ಕೆ ಎರಡು ದಿನ: ಮೈಯ ರಕ್ಷಣೆಯೇ ಮೈಗೆ ಮುಳುವಾಗುವುದು ಹೇಗೆ?

ಪ್ರಶ್ನೆ: ನಮ್ಮದು ಕಾಪು ಹತ್ತಿರ. ಮನೆಯಲ್ಲಿ ಮೂರು ಜನರಿಗೆ ಮೂರು ರೀತಿಯ ತೊಂದರೆ. ನಮ್ಮ ಯಜಮಾನರಿಗೆ ಈಗ ಎರಡು ವರ್ಷದಿಂದ ಸಿಗಡಿ ತಿಂದರೆ ಹತ್ತೇ ನಿಮಿಷದಲ್ಲಿ ಮೈಯೆಲ್ಲ ಪಿತ್ತದ ಗಂದೆ ಏಳುತ್ತದೆ. ಕಳೆದ ಸಲ ವಾಂತಿಯೂ ಆಯಿತು. ಅತ್ತೆ ಮೊದಲು ಗೇರುಬೀಜದ ಕಾರ್ಖಾನೆಗೆ ಹೋಗುತ್ತಿದ್ದರು. ಈಗಲೂ ಬೇಸಿಗೆಯಲ್ಲಿ ಮನೆಯಲ್ಲಿ ಹಸಿ ಬೀಜ ಬಿಡಿಸಿದರೆ ಎರಡು ದಿನ ಬಿಟ್ಟು ಕೈಯಲ್ಲಿ ನೀರುಗುಳ್ಳೆ ಬರುತ್ತದೆ. ಏಳು ವರ್ಷದ ಮಗನಿಗೆ ಗಂಟಲು ನೋವು ಬಂದು ವಾಸಿಯಾಗಿ, ಎರಡು ವಾರದ ಮೇಲೆ ಮುಖ ಊದಿಕೊಂಡು ಮೂತ್ರ ಕಡು ಚಹಾದ ಬಣ್ಣಕ್ಕೆ ತಿರುಗಿತು. ಆಸ್ಪತ್ರೆಗೆ ಸೇರಿಸಿದ್ದೆವು, ಈಗ ಹುಷಾರಾಗಿದ್ದಾನೆ. ಮೂರೂ ಕಡೆ ಡಾಕ್ಟರು ಹೇಳಿದ್ದು ಒಂದೇ ಮಾತು, "ಇದು ಇಮ್ಯೂನಿಟಿಯಿಂದ ಆದದ್ದು." ಇಮ್ಯೂನಿಟಿ ಕಡಿಮೆಯಾಗಿ ಹೀಗಾಯಿತಾ? ಎಲ್ಲರಿಗೂ ಅಮೃತಬಳ್ಳಿ ಕಷಾಯ ಶುರು ಮಾಡಬಹುದಾ? ಆಟಿ ಅಮಾವಾಸ್ಯೆಗೆ ಮಗನಿಗೆ ಪಾಲೆ ಮರದ ಕಷಾಯ ಕೊಡಬಹುದಾ?

ಉತ್ತರ: ಮೊದಲು ನೇರ ಉತ್ತರ ಕೊಡುತ್ತೇನೆ. ನೀವು ಬರೆದದ್ದನ್ನು ನೋಡಿದರೆ ಮೂವರ ತೊಂದರೆಯೂ ಇಮ್ಯೂನಿಟಿ ಕಡಿಮೆಯಾಗಿ ಬಂದದ್ದಲ್ಲ. ಮಗನಿಗೆ ಈ ವರ್ಷ ಪಾಲೆ ಕಷಾಯ ಬೇಡ. ಕಿಡ್ನಿ ಪೂರ್ತಿ ಸುಧಾರಿಸುವ ತನಕ ಹೊಟ್ಟೆಗೆ ಏನು, ಎಷ್ಟು ಹೋಗುತ್ತದೆ ಎಂಬ ಲೆಕ್ಕ ಇರಬೇಕು. ಕಷಾಯದಲ್ಲಿ ಆ ಲೆಕ್ಕ ಸಿಗುವುದಿಲ್ಲ. ಅಮೃತಬಳ್ಳಿಯ ವಿಷಯ ಆಮೇಲೆ ಹೇಳುತ್ತೇನೆ. ಅದಕ್ಕೆ ಮೊದಲು ಈ ಮೂವರ ಮೈಯೊಳಗೆ ನಡೆದದ್ದೇನು ಎಂದು ತಿಳಿಯಬೇಕು.

ನಿಮ್ಮ ಪತ್ರದಲ್ಲಿ ನನಗೆ ತುಂಬ ಹಿಡಿಸಿದ್ದು ಒಂದು ಸಂಗತಿ. ನೀವು ಹೊತ್ತು ಬರೆದಿದ್ದೀರಿ. ಹತ್ತು ನಿಮಿಷ, ಎರಡು ದಿನ, ಎರಡು ವಾರ. ಹೆಚ್ಚಿನವರು ಬಂದು "ಡಾಕ್ಟ್ರೇ, ಅಲರ್ಜಿ" ಎಂದಷ್ಟೇ ಹೇಳುತ್ತಾರೆ. ಏನು ತಾಗಿತು, ಎಷ್ಟು ಹೊತ್ತಿಗೆ ಬಂತು ಎಂದು ಕೇಳಿದರೆ ಮುಖ ಮುಖ ನೋಡುತ್ತಾರೆ. ಆದರೆ ಈ ರೋಗಗಳಲ್ಲಿ ರಕ್ತ ಪರೀಕ್ಷೆಗಿಂತ ಮೊದಲು ಸುಳಿವು ಕೊಡುವುದು ಆ ಹೊತ್ತೇ.

ನಮ್ಮ ರಕ್ಷಣಾ ವ್ಯವಸ್ಥೆಯ ಬಳಿ ಇರುವ ಆಯುಧಗಳು ಸಾಧಾರಣದ್ದಲ್ಲ. ರಕ್ತನಾಳದ ಗೋಡೆಯನ್ನು ಸಡಿಲ ಮಾಡುವ ರಾಸಾಯನಿಕಗಳಿವೆ. ಜೀವಕೋಶಕ್ಕೆ ತೂತು ಕೊರೆಯುವ ಪ್ರೋಟೀನುಗಳಿವೆ. ಮಾಂಸವನ್ನೇ ಕರಗಿಸುವ ಕಿಣ್ವಗಳಿವೆ. ಇವೆಲ್ಲ ರೋಗಾಣುವನ್ನು ಕೊಲ್ಲಲು ಇರುವವು. ತೋಟಕ್ಕೆ ನುಗ್ಗಿದ ಕಾಡುಹಂದಿಯನ್ನು ಓಡಿಸಲು ಗರ್ನಾಲು ಹೊಡೆದು, ಪಕ್ಕದ ಹುಲ್ಲಿನ ಕೊಟ್ಟಿಗೆಗೇ ಬೆಂಕಿ ಹತ್ತಿದರೆ ಹೇಗೆ? ಹಂದಿ ತಿಂದದ್ದಕ್ಕಿಂತ ಬೆಂಕಿ ಸುಟ್ಟದ್ದೇ ಜಾಸ್ತಿ. ಎಷ್ಟೋ ಸಲ ಬಂದದ್ದು ಹಂದಿಯೂ ಆಗಿರುವುದಿಲ್ಲ. ಸಿಗಡಿಯ ಒಂದು ಪ್ರೋಟೀನು, ಮಾವಿನ ಸೊನೆ, ಒಂದು ಪೆನಿಸಿಲಿನ್ ಇಂಜೆಕ್ಷನ್, ಅಷ್ಟೇ. ಹೀಗೆ ಮೈ ತನಗೆ ತಾನೇ ಹಾನಿ ಮಾಡಿಕೊಳ್ಳುವಷ್ಟು ಜೋರಾಗಿ ಪ್ರತಿಕ್ರಿಯಿಸುವುದನ್ನು ನಾವು ಹೈಪರ್‌ಸೆನ್ಸಿಟಿವಿಟಿ ಎನ್ನುತ್ತೇವೆ.

1963ರಲ್ಲಿ ಬ್ರಿಟನ್ನಿನ ಫಿಲಿಪ್ ಜೆಲ್ ಮತ್ತು ರಾಬಿನ್ ಕೂಂಬ್ಸ್ ಇದನ್ನು ನಾಲ್ಕು ವಿಧವಾಗಿ ವಿಂಗಡಿಸಿದರು. ಅರವತ್ತು ವರ್ಷ ದಾಟಿದರೂ ವೈದ್ಯ ವಿದ್ಯಾರ್ಥಿಗಳು ಅದನ್ನೇ ಕಲಿಯುತ್ತಾರೆ. ರೋಗಗಳು ಈ ನಾಲ್ಕು ಡಬ್ಬಿಗಳಲ್ಲಿ ನೀಟಾಗಿ ಕೂರುವುದಿಲ್ಲ ಎಂದು ಎಲ್ಲರಿಗೂ ಗೊತ್ತು. ಆದರೂ ಮೈಯೊಳಗೆ ಯಾವ ಆಯುಧ ಕೆಲಸ ಮಾಡಿತು ಎಂದು ಯೋಚಿಸಲು ಇದಕ್ಕಿಂತ ಸುಲಭದ ದಾರಿ ಇನ್ನೂ ಬಂದಿಲ್ಲ. ನಿಮ್ಮ ಒಂದೇ ಮನೆಯಲ್ಲಿ ನಾಲ್ಕರಲ್ಲಿ ಮೂರು ಸೇರಿವೆ.

ಮೊದಲ ವಿಧಕ್ಕೆ ಸೇರುವ ಯಜಮಾನರಿಂದ ಶುರು ಮಾಡೋಣ, ಯಾಕೆಂದರೆ ಇವತ್ತು ಜೀವಕ್ಕೆ ಅಪಾಯ ಇರುವುದು ಅವರಿಗೇ.

"ಇಷ್ಟು ವರ್ಷ ತಿಂದಿದ್ದಾರೆ, ಈಗ ಹೇಗೆ ಬಂತು?" ಎಂದು ನೀವು ಕೇಳಿಲ್ಲ, ಆದರೆ ಮನಸ್ಸಿನಲ್ಲಿ ಇದ್ದೇ ಇರುತ್ತದೆ. ಈ ಅಲರ್ಜಿಗೆ ಹಿಂದೆ ತಿಂದಿರಲೇಬೇಕು, ಇಲ್ಲವೇ ಅದೇ ಥರದ ಪ್ರೋಟೀನು ಬೇರೆ ಯಾವುದಾದರೂ ದಾರಿಯಲ್ಲಿ ಮೈಗೆ ಪರಿಚಯವಾಗಿರಬೇಕು. ಆ ಪರಿಚಯದ ಕಾಲದಲ್ಲಿ ಏನೂ ಗೊತ್ತಾಗುವುದಿಲ್ಲ. ಒಳಗೊಳಗೇ ಐಜಿಇ ಎಂಬ ಆಂಟಿಬಾಡಿ, ಅಂದರೆ ಅನ್ಯ ವಸ್ತುವನ್ನು ಗುರುತು ಹಿಡಿಯುವ ಪ್ರೋಟೀನು, ತಯಾರಾಗುತ್ತದೆ. ಅದು ಚರ್ಮ, ಮೂಗು, ಶ್ವಾಸನಾಳ, ಕರುಳಿನಲ್ಲಿರುವ ಮಾಸ್ಟ್ ಸೆಲ್ ಎಂಬ ಕೋಶಗಳ ಮೇಲೆ ಹೋಗಿ ಕೂರುತ್ತದೆ. ಮುಂದೊಂದು ದಿನ ಸಿಗಡಿಯ ಪ್ರೋಟೀನು ಬಂದು ಎರಡು ಐಜಿಇಗಳನ್ನು ಒಟ್ಟಿಗೆ ಹಿಡಿದರೆ ಸಾಕು. ಆ ಕೋಶಗಳಲ್ಲಿ ಮೊದಲೇ ತುಂಬಿಟ್ಟಿರುವ ಹಿಸ್ಟಮಿನ್ ಎಂಬ ರಾಸಾಯನಿಕ ಕ್ಷಣದಲ್ಲಿ ಹೊರಗೆ ಬರುತ್ತದೆ. ಹೊಸದಾಗಿ ಏನನ್ನೂ ತಯಾರಿಸಬೇಕಾಗಿಲ್ಲ. ಅದಕ್ಕೇ ಹತ್ತು ನಿಮಿಷ ಸಾಕು.

ಹಿಸ್ಟಮಿನ್ ರಕ್ತನಾಳಗಳನ್ನು ಹಿಗ್ಗಿಸಿ ಸೋರುವಂತೆ ಮಾಡುತ್ತದೆ. ಚರ್ಮದಲ್ಲಿ ಸೋರಿದರೆ ಗಂದೆ. ತುಟಿ, ಕಣ್ಣಿನ ರೆಪ್ಪೆಯಲ್ಲಿ ಸೋರಿದರೆ ಊತ. ಕರುಳಿನಲ್ಲಾದರೆ ಹೊಟ್ಟೆನೋವು, ವಾಂತಿ. ಶ್ವಾಸನಾಳ ಬಿಗಿದರೆ ದಮ್ಮು. ಮೈಯಿಡೀ ಒಟ್ಟಿಗೆ ಸೋರಿದರೆ ಹತ್ತು ನಿಮಿಷದಲ್ಲಿ ರಕ್ತದ ದ್ರವದಲ್ಲಿ ಮೂರನೇ ಒಂದು ಭಾಗ ನಾಳದಿಂದ ಹೊರಗೆ ಹೋಗಬಹುದು. ಬಿಪಿ ಕುಸಿದು ಮನುಷ್ಯ ಬಿದ್ದುಬಿಡುತ್ತಾನೆ. ಇದೇ ಅನಾಫಿಲಾಕ್ಸಿಸ್. ಈ ಹೆಸರು ಕೊಟ್ಟವರು ಫ್ರಾನ್ಸಿನ ಚಾರ್ಲ್ಸ್ ರಿಷೆ ಮತ್ತು ಪಾಲ್ ಪೋರ್ತಿಯೆ, 1902ರಲ್ಲಿ. ಸಮುದ್ರಜೀವಿಯ ವಿಷವನ್ನು ನಾಯಿಗಳಿಗೆ ಸ್ವಲ್ಪ ಸ್ವಲ್ಪ ಕೊಟ್ಟು ತಡೆದುಕೊಳ್ಳುವ ಶಕ್ತಿ ಬರಿಸಲು ಹೊರಟಿದ್ದರು. ಕೆಲವು ವಾರ ಬಿಟ್ಟು ಮತ್ತೆ ಸ್ವಲ್ಪವೇ ಕೊಟ್ಟಾಗ ನಾಯಿ ಅರ್ಧ ಗಂಟೆಯೊಳಗೆ ಸತ್ತಿತು. ಈ ಕೆಲಸಕ್ಕೆ ರಿಷೆಗೆ 1913ರಲ್ಲಿ ನೊಬೆಲ್ ಸಿಕ್ಕಿತು.

ಮೀನು ತಿನ್ನುವ ಊರಿನವರಿಗೆ ಇಷ್ಟವಾಗುವ ಇನ್ನೊಂದು ಕಥೆ ಇದೆ. ಜರ್ಮನಿಯ ವೈದ್ಯ ಹೈಂಝ್ ಕ್ಯೂಸ್ಟ್‌ನರ್‌ಗೆ ಮೀನಿನ ಅಲರ್ಜಿ. ಅವರ ಸಹೋದ್ಯೋಗಿ ಕಾರ್ಲ್ ಪ್ರೌಸ್ನಿಟ್ಝ್ ಕ್ಯೂಸ್ಟ್‌ನರ್ ಅವರ ರಕ್ತದ ಸೀರಮ್ (ಕಣಗಳನ್ನು ಬೇರ್ಪಡಿಸಿದ ತಿಳಿ ದ್ರವ) ತೆಗೆದು ತನ್ನದೇ ಚರ್ಮಕ್ಕೆ ಚುಚ್ಚಿಕೊಂಡರು. ಮರುದಿನ ಅದೇ ಜಾಗಕ್ಕೆ ಮೀನಿನ ರಸ ಚುಚ್ಚಿಕೊಂಡಾಗ ಅಲ್ಲಿ ಮಾತ್ರ ಗಂದೆ ಎದ್ದಿತು. ಅವರು ಅದನ್ನು ಪ್ರಕಟಿಸಿದ್ದು 1921ರಲ್ಲಿ. ಅಂದರೆ ತೊಂದರೆ ಕೊಡುವ ವಸ್ತು ರಕ್ತದಲ್ಲಿದೆ, ಅದನ್ನು ಒಬ್ಬರಿಂದ ಇನ್ನೊಬ್ಬರಿಗೆ ದಾಟಿಸಬಹುದು. ಆ ವಸ್ತು ಐಜಿಇ ಎಂದು ಗೊತ್ತಾಗಲು 1960ರ ದಶಕದ ಕೊನೆಯವರೆಗೆ ಕಾಯಬೇಕಾಯಿತು.

ಸಿಗಡಿ, ಏಡಿಗಳಲ್ಲಿ ಅಲರ್ಜಿ ತರುವ ಮುಖ್ಯ ಪ್ರೋಟೀನಿನ ಹೆಸರು ಟ್ರೋಪೋಮಯೋಸಿನ್. ಬೇಯಿಸಿದರೂ, ಹುರಿದರೂ, ಬಿಸಿಲಲ್ಲಿ ಒಣಗಿಸಿದರೂ ಅದು ಹಾಳಾಗುವುದಿಲ್ಲ. ಹಾಗಾಗಿ "ಸುಕ್ಕ ಆಗುವುದಿಲ್ಲ, ಒಣ ಸಿಗಡಿ ಚಟ್ನಿ ಆಗಬಹುದು" ಎಂಬ ಲೆಕ್ಕ ಬೇಡ. ಬೇಯುವಾಗಿನ ಹಬೆ ಮೂಗಿಗೆ ಹೋದರೂ ಕೆಲವರಿಗೆ ದಮ್ಮು ಬರುತ್ತದೆ. ಇದೇ ಥರದ ಪ್ರೋಟೀನು ಜಿರಳೆಯಲ್ಲೂ ಇದೆ, ಹಾಸಿಗೆ ದಿಂಬಿನಲ್ಲಿ ಬೆಳೆಯುವ ಧೂಳಿನ ನುಸಿಯಲ್ಲೂ ಇದೆ. ನಮ್ಮ ಕರಾವಳಿಯ ಮಳೆಗಾಲದ ತೇವ ಆ ನುಸಿಗೆ ಹಬ್ಬ. ನುಸಿಯಿಂದ ಪರಿಚಯವಾಗಿ ಸಿಗಡಿಗೆ ಪ್ರತಿಕ್ರಿಯೆ ಬರುವುದು ಅಪರೂಪವಲ್ಲ. ಯಜಮಾನರಿಗೆ ಬೆಳಿಗ್ಗೆ ಎದ್ದಕೂಡಲೇ ಸಾಲು ಸಾಲು ಸೀನು ಬರುತ್ತದಾ ಎಂದು ನೋಡಿ.

ಮೀನು ಬೇರೆ. ಮೀನಿನ ಅಲರ್ಜಿಗೆ ಕಾರಣ ಪಾರ್ವಾಲ್ಬುಮಿನ್ ಎಂಬ ಇನ್ನೊಂದು ಪ್ರೋಟೀನು. ಸಿಗಡಿ ಆಗದವರಿಗೆ ಅಂಜಲ್, ಬೂತಾಯಿ ಎಲ್ಲ ಬಿಡಿಸಬೇಕಾಗಿಲ್ಲ. ಆದರೆ ಹೋಟೆಲಿನಲ್ಲಿ ಒಂದೇ ಕಾವಲಿಯಲ್ಲಿ, ಒಂದೇ ಎಣ್ಣೆಯಲ್ಲಿ ಎರಡೂ ರವಾ ಫ್ರೈ ಆಗುತ್ತವೆ. ಅಲ್ಲಿ ಕೇಳಿ ತಿನ್ನಬೇಕು. ಪಚ್ಚಿಲೆ, ಮರುವಾಯಿಯಂಥ ಚಿಪ್ಪಿನ ಜೀವಿಗಳನ್ನು ಪರೀಕ್ಷೆ ಮಾಡಿಸುವ ತನಕ ದೂರ ಇಡುವುದು ಒಳ್ಳೆಯದು, ಅವುಗಳಲ್ಲೂ ಟ್ರೋಪೋಮಯೋಸಿನ್ ಇದೆ. ಇನ್ನು, ಸಿಗಡಿ ಆಗದವರಿಗೆ ಸಿಟಿ ಸ್ಕ್ಯಾನಿನ ಅಯೋಡಿನ್ ಡೈ ಕೊಡಬಾರದು ಎಂಬ ಮಾತು ಇನ್ನೂ ಕೇಳಿಬರುತ್ತದೆ. ಅದಕ್ಕೆ ಆಧಾರವಿಲ್ಲ. ಅಲರ್ಜಿ ಇರುವುದು ಪ್ರೋಟೀನಿಗೆ, ಅಯೋಡಿನ್‌ಗೆ ಅಲ್ಲ.

ಬಂಗುಡೆಯ ಒಂದು ವಿಷಯ ಇಲ್ಲೇ ಹೇಳಿಬಿಡುತ್ತೇನೆ. ಬಂಗುಡೆ, ಕೇದರ ಮುಂತಾದ ಮೀನನ್ನು ಸರಿಯಾಗಿ ಐಸಿನಲ್ಲಿಡದಿದ್ದರೆ ಬ್ಯಾಕ್ಟೀರಿಯಾಗಳು ಮೀನಿನ ಮಾಂಸದಲ್ಲೇ ಹಿಸ್ಟಮಿನ್ ಮಾಡಿಬಿಡುತ್ತವೆ. ಬೇಯಿಸಿದರೂ ಅದು ಹೋಗುವುದಿಲ್ಲ. ತಿಂದವರ ಮುಖ ಕೆಂಪಾಗಿ, ತಲೆನೋವು, ಗಂದೆ ಎಲ್ಲ ಬರುತ್ತದೆ, ಥೇಟ್ ಅಲರ್ಜಿಯ ಹಾಗೆ. ಆದರೆ ಅದು ಮೀನಿನ ದೋಷ, ತಿಂದವರದ್ದಲ್ಲ. ಅದೇ ಸಾರು ತಿಂದ ಮನೆಮಂದಿಗೆಲ್ಲ ಬಂದರೆ ಮೀನಿನ ಮೇಲೆ ಸಂಶಯ ಪಡಿ. ಒಬ್ಬರಿಗೇ ಪ್ರತಿ ಸಲ ಬಂದರೆ ಅಲರ್ಜಿ.

ಈಗ ಮುಖ್ಯ ವಿಷಯ. ಗಂದೆಯ ಜೊತೆಗೆ ವಾಂತಿ ಆಯಿತು ಎಂದಿರಿ. ಅಲರ್ಜಿ ಇರುವ ಆಹಾರ ತಿಂದು ಸ್ವಲ್ಪ ಹೊತ್ತಿನಲ್ಲೇ ಚರ್ಮ ಮತ್ತು ಹೊಟ್ಟೆ ಎರಡೂ ಕಡೆ ತೊಂದರೆ ಬಂದರೆ ಅದನ್ನು ನಾವು ಅನಾಫಿಲಾಕ್ಸಿಸ್ ಎಂದೇ ಲೆಕ್ಕ ಹಾಕುತ್ತೇವೆ. ಉಸಿರು ಕಟ್ಟುವ ತನಕ ಕಾಯಬಾರದು. ಇದಕ್ಕೆ ಮೊದಲ ಔಷಧಿ ಅಡ್ರಿನಲಿನ್, ತೊಡೆಯ ಹೊರಬದಿಯ ಸ್ನಾಯುವಿಗೆ, ದೊಡ್ಡವರಿಗೆ ಅರ್ಧ ಮಿಲಿಗ್ರಾಂ. ಬೇಕಾದರೆ ಐದು ನಿಮಿಷಕ್ಕೆ ಮತ್ತೊಮ್ಮೆ. ನಮ್ಮಲ್ಲಿ ಕ್ಲಿನಿಕ್ಕಿಗೆ ಹೋದರೆ ಅವಿಲ್ (ಹಿಸ್ಟಮಿನ್ ತಡೆಯುವ ಔಷಧಿ) ಮತ್ತು ಡೆಕ್ಸಾ (ಸ್ಟಿರಾಯ್ಡ್) ಚುಚ್ಚಿ ಕಳಿಸುವ ಅಭ್ಯಾಸ ಬಹಳ ಕಾಲದಿಂದ ಇದೆ. ಅವಿಲ್ ತುರಿಕೆಗೆ ಒಳ್ಳೆಯದು. ಆದರೆ ಕುಸಿಯುತ್ತಿರುವ ಬಿಪಿಯನ್ನು, ಮುಚ್ಚುತ್ತಿರುವ ಶ್ವಾಸನಾಳವನ್ನು ಅದು ಹಿಡಿದು ನಿಲ್ಲಿಸುವುದಿಲ್ಲ. ಡೆಕ್ಸಾ ಕೆಲಸ ಶುರು ಮಾಡಲು ಗಂಟೆಗಳೇ ಬೇಕು. ಈ ವಿಷಯದಲ್ಲಿ ನನಗೆ ಸ್ವಲ್ಪ ಸಿಟ್ಟಿದೆ ಎಂದೇ ಇಟ್ಟುಕೊಳ್ಳಿ. ಅಡ್ರಿನಲಿನ್ ದುಬಾರಿ ಔಷಧಿಯಲ್ಲ, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೂ ಇರಬೇಕಾದದ್ದು. ಕೊಡಲು ಹೆದರುವುದರಿಂದ ಆಗುವ ಹಾನಿ ಕೊಡುವುದರಿಂದ ಆಗುವುದಕ್ಕಿಂತ ಜಾಸ್ತಿ.

ಅಂಥ ಹೊತ್ತಿನಲ್ಲಿ ಅವರನ್ನು ಮಲಗಿಸಿ, ಕಾಲು ಸ್ವಲ್ಪ ಎತ್ತರಕ್ಕಿಡಿ, 108ಕ್ಕೆ ಫೋನ್ ಮಾಡಿ. ತುಂಬ ದಮ್ಮು ಇದ್ದರೆ ಕೂರಿಸಿ, ಆದರೆ ಎಬ್ಬಿಸಿ ನಡೆಸಬೇಡಿ. ಸುಧಾರಿಸಿದ ಮೇಲೂ ಕೆಲವು ಗಂಟೆ ಆಸ್ಪತ್ರೆಯಲ್ಲೇ ಇರಲಿ, ಎರಡನೇ ಅಲೆ ಬರುವುದುಂಟು. ಬರೀ ತುರಿಕೆಗೆ ಪುನರ್ಪುಳಿ ನೀರು ಹಚ್ಚಿಕೊಂಡರೆ, ಕುಡಿದರೆ ನನ್ನ ತಕರಾರಿಲ್ಲ. ಉಸಿರಿಗೆ ತೊಂದರೆಯಾದಾಗ ಅದನ್ನು ಮಾಡುತ್ತಾ ಕೂರಬೇಡಿ, ಅಷ್ಟೇ.

ಪರೀಕ್ಷೆ ಎಂದರೆ ಚರ್ಮದ ಚುಚ್ಚು ಪರೀಕ್ಷೆ ಅಥವಾ ಸಿಗಡಿಗೇ ಸಂಬಂಧಿಸಿದ ಐಜಿಇ. ನೂರಾರು ಆಹಾರಗಳಿಗೆ ಐಜಿಜಿ ಎಂಬ ಬೇರೆ ಆಂಟಿಬಾಡಿ ನೋಡುವ ದುಬಾರಿ ಪ್ಯಾಕೇಜುಗಳಿಗೆ ದುಡ್ಡು ಹಾಕಬೇಡಿ. ಐಜಿಜಿ ಹೇಳುವುದು ನೀವು ಏನು ತಿನ್ನುತ್ತೀರಿ ಎಂದು. ಅದನ್ನು ನೀವೇ ಹೇಳಬಲ್ಲಿರಿ, ಅಲ್ವಾ?

ಈ ಮೊದಲ ವಿಧದಲ್ಲಿ ಅಂಗಾಂಶಕ್ಕೆ ಶಾಶ್ವತ ಹಾನಿ ಸಾಮಾನ್ಯವಾಗಿ ಆಗುವುದಿಲ್ಲ. ಗಂದೆ ಗಂಟೆಗಳಲ್ಲಿ ಕಲೆ ಇಲ್ಲದೆ ಮಾಯವಾಗುತ್ತದೆ. ಒಂದು ಗಂದೆಯ ಸುತ್ತ ಪೆನ್ನಿನಲ್ಲಿ ಗೆರೆ ಎಳೆದಿಡಿ. ಮರುದಿನವೂ ಅದೇ ಜಾಗದಲ್ಲಿದ್ದು, ಹೋಗುವಾಗ ಕಪ್ಪು ಕಲೆ ಬಿಟ್ಟರೆ ಅದು ಬರೀ ಪಿತ್ತದ ಗಂದೆ ಅಲ್ಲ, ರಕ್ತನಾಳದ ಉರಿಯೂತ ಇರಬಹುದು. ಡಾಕ್ಟರಿಗೆ ತೋರಿಸಬೇಕು. ಆದರೆ ಅದೇ ಪ್ರತಿಕ್ರಿಯೆ ಶ್ವಾಸನಾಳದಲ್ಲಿ ವರ್ಷಗಟ್ಟಲೆ ನಡೆದರೆ ಕಥೆ ಬೇರೆ. ಇಯೊಸಿನೊಫಿಲ್‌ಗಳು ಎಂಬ ಬಿಳಿ ರಕ್ತಕಣಗಳು ಬಂದು ಒಳಪದರವನ್ನು ಕೆರೆಯುತ್ತವೆ, ಸ್ನಾಯು ದಪ್ಪವಾಗುತ್ತದೆ, ನಾಳ ಗಟ್ಟಿಯಾಗುತ್ತದೆ. ಅದೇ ಹಳೆಯ ಉಬ್ಬಸ. ಆನೆಕಾಲು ರೋಗ ಇದ್ದ ನಮ್ಮ ಕರಾವಳಿಯಲ್ಲಿ ಉಬ್ಬಸದ ವೇಷದಲ್ಲಿ ಇನ್ನೊಂದು ಕಾಯಿಲೆಯೂ ಬರುತ್ತದೆ. ರಾತ್ರಿ ಹೊತ್ತು ಒಣ ಕೆಮ್ಮು, ರಕ್ತದಲ್ಲಿ ಇಯೊಸಿನೊಫಿಲ್ ಸಾವಿರಗಟ್ಟಲೆ. ಆನೆಕಾಲಿನ ಹುಳದ ಮರಿಗಳಿಗೆ ಶ್ವಾಸಕೋಶ ತೋರುವ ಅತಿರೇಕ ಅದು. ಮೂರು ವಾರದ ಡಿಇಸಿ ಮಾತ್ರೆಗೆ ಸಾಮಾನ್ಯವಾಗಿ ಬಗ್ಗುತ್ತದೆ, ಇನ್‌ಹೇಲರಿಗೆ ಬಗ್ಗುವುದಿಲ್ಲ.

ಇನ್ನು ನಿಮ್ಮ ಮಗ, ಅವನದು ಮೂರನೇ ವಿಧ. ಗಂಟಲಿಗೆ ಬಂದದ್ದು ಸ್ಟ್ರೆಪ್ಟೋಕಾಕಸ್ ಎಂಬ ಬ್ಯಾಕ್ಟೀರಿಯಾ ಇರಬೇಕು. ಅದಕ್ಕೆ ಮೈ ಆಂಟಿಬಾಡಿ ಮಾಡಿತು. ಅದು ಸರಿಯಾದ ಕೆಲಸವೇ. ಆಂಟಿಬಾಡಿಗೆ ಒಂದೆರಡು ವಾರ ಬೇಕು, ಹಾಗಾಗಿ ಗಂಟಲು ವಾಸಿಯಾದ ಮೇಲೆ ತೊಂದರೆ ಬಂತು. ಬ್ಯಾಕ್ಟೀರಿಯಾದ ಚೂರು ಮತ್ತು ಆಂಟಿಬಾಡಿ ಒಂದಕ್ಕೊಂದು ಅಂಟಿಕೊಂಡ ಗಂಟುಗಳನ್ನು ಇಮ್ಯೂನ್ ಕಾಂಪ್ಲೆಕ್ಸ್ ಎನ್ನುತ್ತೇವೆ. ದೊಡ್ಡ ಗಂಟುಗಳನ್ನು ಮೈ ಬೇಗ ಗುಡಿಸಿ ಹಾಕುತ್ತದೆ. ನಡುಗಾತ್ರದವು ತಿರುಗುತ್ತಾ ಇದ್ದು, ಎಲ್ಲಿ ರಕ್ತ ಒತ್ತಡದಲ್ಲಿ ಸೋಸಿಹೋಗುತ್ತದೋ ಅಲ್ಲಿ ಸಿಕ್ಕಿಕೊಳ್ಳುತ್ತವೆ. ಹೃದಯ ಪಂಪ್ ಮಾಡುವ ರಕ್ತದಲ್ಲಿ ಸುಮಾರು ಐದನೇ ಒಂದು ಭಾಗ ಹೋಗುವುದೇ ಕಿಡ್ನಿಗೆ. ಹಾಗಾಗಿ ಹೆಚ್ಚು ಪೆಟ್ಟು ತಿನ್ನುವುದೂ ಅದೇ. ಕೆಲವು ಗಂಟುಗಳು ಕಿಡ್ನಿಯ ಜರಡಿಯಲ್ಲೇ ಕಟ್ಟಿಕೊಳ್ಳುವುದೂ ಉಂಟು. ಈ ಮೂರನೇ ವಿಧದ ಬೇರೆ ಕಾಯಿಲೆಗಳಲ್ಲಿ ಕೀಲು, ಚರ್ಮದ ಸಣ್ಣ ರಕ್ತನಾಳಗಳೂ ಸಿಕ್ಕಿಬೀಳುತ್ತವೆ.

ಗಂಟು ಸುಮ್ಮನೆ ಕೂತಿದ್ದರೆ ಇಷ್ಟು ತೊಂದರೆ ಇರಲಿಲ್ಲ. ಅದು ರಕ್ತದಲ್ಲಿರುವ ಕಾಂಪ್ಲಿಮೆಂಟ್ ಎಂಬ ಪ್ರೋಟೀನುಗಳ ಸರಪಳಿಯನ್ನು ಎಬ್ಬಿಸುತ್ತದೆ. ಆ ಸರಪಳಿಯ ತುಂಡುಗಳು ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣಗಳನ್ನು ಕರೆಯುತ್ತವೆ. ಅವು ಬಂದು ನುಂಗಲು ನೋಡುತ್ತವೆ. ಆದರೆ ಗಂಟು ಕಿಡ್ನಿಯ ಗೋಡೆಗೇ ಅಂಟಿದೆ, ಗೋಡೆಯನ್ನು ನುಂಗುವುದು ಹೇಗೆ? ಆಗ ನುಂಗಿ ಹೊಟ್ಟೆಯೊಳಗೆ ಬಳಸಬೇಕಾದ ಕಿಣ್ವಗಳನ್ನು ಹೊರಗೇ ಕಕ್ಕುತ್ತವೆ. ಜರಡಿ ಹರಿಯುತ್ತದೆ. ಕೆಂಪು ರಕ್ತಕಣ ಮೂತ್ರಕ್ಕೆ ಸೋರಿ ಚಹಾದ ಬಣ್ಣ ಬಂತು. ನೀರು, ಉಪ್ಪು ಹೊರಗೆ ಹೋಗದೆ ಮುಖ ಊದಿತು, ಬಿಪಿ ಏರಿರಬೇಕು. ಆಸ್ಪತ್ರೆಯ ಚೀಟಿಯಲ್ಲಿ ಸಿ3 ಕಡಿಮೆ ಎಂದು ಬರೆದಿರಬಹುದು. ಅದು ಖರ್ಚಾಗಿ ಹೋದ ಕಾಂಪ್ಲಿಮೆಂಟಿನ ಲೆಕ್ಕ. "ಕಡಿಮೆ" ಎಂದು ಕಂಡಕೂಡಲೇ ಇಮ್ಯೂನಿಟಿ ಕಡಿಮೆ ಎಂದುಕೊಳ್ಳಬೇಡಿ.

ಧೈರ್ಯ ಕೊಡುವ ಮಾತೂ ಇದೆ. ಮಕ್ಕಳಲ್ಲಿ ಇದು ಬಹುತೇಕ ಪೂರ್ತಿ ವಾಸಿಯಾಗುತ್ತದೆ. ಹೊಸ ಗಂಟು ಬರುವುದು ನಿಂತರೆ ಕಿಡ್ನಿ ತಾನೇ ಗುಡಿಸಿಕೊಳ್ಳುತ್ತದೆ. ಸಿ3 ಸಾಮಾನ್ಯವಾಗಿ ಆರರಿಂದ ಎಂಟು ವಾರದಲ್ಲಿ ಸರಿಯಾಗಬೇಕು. ಆಗದಿದ್ದರೆ ಕಿಡ್ನಿ ತಜ್ಞರು ಬೇರೆ ಕಾರಣ ಹುಡುಕುತ್ತಾರೆ. ಅಲ್ಲಿಯವರೆಗೆ ಉಪ್ಪಿನಕಾಯಿ, ಹಪ್ಪಳ, ಒಣಮೀನು ಬೇಡ. ಕಜ್ಜಿ, ಹುಣ್ಣಿನಿಂದಲೂ ಇದೇ ಕಾಯಿಲೆ ಬರುತ್ತದೆ, ಆಗ ಮೂರರಿಂದ ಆರು ವಾರ ತಡವಾಗಿ. ಮಳೆಗಾಲದಲ್ಲಿ ಮಕ್ಕಳ ಕಾಲಿನ ಹುಣ್ಣುಗಳನ್ನು "ನಂಜು" ಎಂದು ಬಿಟ್ಟುಬಿಡಬೇಡಿ.

ಹಾವು ಕಚ್ಚಿದವರಲ್ಲೂ ಈ ವಿಧ ಕಾಣುತ್ತೇವೆ. ನಮ್ಮ ದೇಶದ ಹಾವಿನ ಪ್ರತಿವಿಷ ಕುದುರೆಯ ರಕ್ತದಿಂದ ತಯಾರಾಗುತ್ತದೆ. ಕುದುರೆಯ ಪ್ರೋಟೀನಿಗೆ ಮೈ ಆಂಟಿಬಾಡಿ ಮಾಡಿ, ಒಂದೆರಡು ವಾರದಲ್ಲಿ ಜ್ವರ, ಗಂಟುನೋವು, ದದ್ದು ಬರಬಹುದು. ಮನೆಗೆ ಹೋದ ಮೇಲೆ ಬರುವುದರಿಂದ "ವಿಷ ಉಳಿದಿದೆ" ಎಂದು ಜನ ಹೆದರುತ್ತಾರೆ. ವಿಷವಲ್ಲ, ಹೆಚ್ಚಿನವರಿಗೆ ಕೆಲವು ದಿನದ ಔಷಧಿಯಲ್ಲಿ ಹೋಗುತ್ತದೆ. ಅದಕ್ಕೆ ಹೆದರಿ ಪ್ರತಿವಿಷ ಬೇಡ ಎನ್ನುವುದು ಮಾತ್ರ ಮಹಾ ತಪ್ಪು.

ನಿಮ್ಮ ಮನೆಯಲ್ಲಿ ಇಲ್ಲದ ಎರಡನೇ ವಿಧವನ್ನು ಬೇಗ ಹೇಳಿ ಮುಗಿಸುತ್ತೇನೆ. ಇಲ್ಲಿ ಆಂಟಿಬಾಡಿ ನೇರವಾಗಿ ನಮ್ಮ ಜೀವಕೋಶದ ಮೇಲೇ ಹೋಗಿ ಕೂರುತ್ತದೆ. ತಪ್ಪು ಗುಂಪಿನ ರಕ್ತ ಕೊಟ್ಟಾಗ ಆಗುವುದು ಇದೇ. ತಾಯಿ ಆರ್‌ಎಚ್ ನೆಗೆಟಿವ್, ಮಗು ಪಾಸಿಟಿವ್ ಇದ್ದಾಗ ಮುಂದಿನ ಮಗುವಿನ ರಕ್ತ ಒಡೆಯುವುದೂ ಇದೇ. ಹೆರಿಗೆಯಾಗಿ 72 ಗಂಟೆಯೊಳಗೆ ಕೊಡುವ ಆಂಟಿ-ಡಿ ಇಂಜೆಕ್ಷನ್ ಇದನ್ನು ತಡೆಯಲೆಂದೇ ಇರುವುದು. ಮಂಗಳೂರಿನ ಲೇಡಿಗೋಷನ್ ಆಸ್ಪತ್ರೆ ಇರಲಿ, ಊರಿನ ಸಣ್ಣ ಆಸ್ಪತ್ರೆ ಇರಲಿ, ತಾಯಿಯ ರಕ್ತದ ಗುಂಪನ್ನು ಮೊದಲೇ ಕೇಳುವುದು ಅದಕ್ಕೇ. ಥೈರಾಯ್ಡಿನ ಗ್ರೇವ್ಸ್ ಕಾಯಿಲೆಯಲ್ಲಿ ಆಂಟಿಬಾಡಿ ಕೋಶವನ್ನು ಕೊಲ್ಲುವುದೂ ಇಲ್ಲ, ಬದಲಿಗೆ ಕೆರಳಿಸಿ ಬಿಡುವಿಲ್ಲದೆ ದುಡಿಸುತ್ತದೆ. ನಿಮಗೆ ಇಲ್ಲಿ ಮುಖ್ಯವಾದದ್ದು ಸಂಧಿವಾತ ಜ್ವರ. ಮಗನಿಗೆ ಬಂದ ಅದೇ ಜಾತಿಯ ಬ್ಯಾಕ್ಟೀರಿಯಾ, ಅದೇ ಎರಡು ಮೂರು ವಾರ. ಆದರೆ ಅದರ ಪ್ರೋಟೀನು ಹೃದಯದ ಪ್ರೋಟೀನನ್ನು ಹೋಲುವುದರಿಂದ ಆಂಟಿಬಾಡಿ ಹೃದಯದ ಕವಾಟಕ್ಕೆ ಬೀಳುತ್ತದೆ, ಒಂದು ಬಗೆಯ ಬಿಳಿ ರಕ್ತಕಣಗಳಾದ ಟಿ ಸೆಲ್‌ಗಳೂ ಕೈ ಜೋಡಿಸುತ್ತವೆ. ಕಿಡ್ನಿ ಗುಡಿಸಿಕೊಂಡ ಹಾಗೆ ಕವಾಟ ಸರಿಯಾಗುವುದಿಲ್ಲ, ಕಲೆಗಟ್ಟುತ್ತದೆ. ಗಂಟಲು ನೋವಿಗೆ ಒಂಬತ್ತು ದಿನದೊಳಗೆ ಪೆನಿಸಿಲಿನ್ ಶುರು ಮಾಡಿದರೆ ಇದನ್ನು ಬಹುಮಟ್ಟಿಗೆ ತಡೆಯಬಹುದು. ಇಮ್ಯೂನ್ ಕಾಂಪ್ಲೆಕ್ಸಿನ ಕಿಡ್ನಿ ಕಾಯಿಲೆಯನ್ನು ಹಾಗೆ ಖಚಿತವಾಗಿ ತಡೆಯಲು ಆಗುವುದಿಲ್ಲ.

ನಾಲ್ಕನೇ ವಿಧಕ್ಕೆ, ಅಂದರೆ ಅತ್ತೆಯವರ ಕೈಗೆ ಬರೋಣ. ಇಲ್ಲಿ ಆಂಟಿಬಾಡಿಯ ಪಾತ್ರ ಇಲ್ಲ. ಕೆಲಸ ಮಾಡುವುದು ಟಿ ಸೆಲ್‌ಗಳು. 1940ರ ದಶಕದಲ್ಲಿ ಕಾರ್ಲ್ ಲ್ಯಾಂಡ್‌ಸ್ಟೈನರ್ ಮತ್ತು ಮೆರಿಲ್ ಚೇಸ್ ಪ್ರಾಣಿಗಳಲ್ಲಿ ತೋರಿಸಿದ್ದು ಇದನ್ನೇ. ಈ ಥರದ ಅಲರ್ಜಿ ಸೀರಮ್‌ನಿಂದ ದಾಟುವುದಿಲ್ಲ, ಕೋಶಗಳನ್ನೇ ಕೊಟ್ಟರೆ ದಾಟುತ್ತದೆ. ಗೇರುಬೀಜದ ಸಿಪ್ಪೆಯ ಎಣ್ಣೆಯಲ್ಲಿ ಅನಕಾರ್ಡಿಕ್ ಆಮ್ಲ, ಕಾರ್ಡಾಲ್ ಎಂಬವು ಇವೆ. ಅವು ತೀರಾ ಸಣ್ಣ ಅಣುಗಳು, ತಾವಾಗಿಯೇ ರಕ್ಷಣಾ ವ್ಯವಸ್ಥೆಯ ಕಣ್ಣಿಗೆ ಬೀಳುವುದಿಲ್ಲ. ಚರ್ಮದ ಪ್ರೋಟೀನಿಗೆ ಅಂಟಿಕೊಂಡಾಗ ಮಾತ್ರ ಅನ್ಯವಾಗಿ ಕಾಣುತ್ತವೆ. ಅವನ್ನು ಗುರುತಿಟ್ಟುಕೊಂಡ ಟಿ ಸೆಲ್‌ಗಳು ಚರ್ಮಕ್ಕೆ ಬಂದು, ಬೇರೆಯವರನ್ನೂ ಕರೆದು, ಗುಳ್ಳೆ ಎಬ್ಬಿಸಲು ಒಂದರಿಂದ ಮೂರು ದಿನ ಬೇಕು.

ಒಂದು ವ್ಯತ್ಯಾಸ ಗಮನಿಸಿ. ಆ ಎಣ್ಣೆ ಯಾರ ಕೈಯನ್ನಾದರೂ ಸುಡುತ್ತದೆ. ಕಾರ್ಖಾನೆಯಲ್ಲಿ ಕೈ ಕಪ್ಪಾಗಿ ಸಿಪ್ಪೆ ಏಳುವುದು ಹೆಚ್ಚಾಗಿ ಈ ಸುಡುವಿಕೆ, ಅದು ಅಲರ್ಜಿಯಲ್ಲ. ತಾಗಿದ ಜಾಗದಲ್ಲೇ, ಅವತ್ತೇ ಬರುತ್ತದೆ. ಎರಡು ದಿನ ಬಿಟ್ಟು ವಿಪರೀತ ತುರಿಸಿ, ತಾಗದ ಕಡೆಗೂ ಹರಡಿದರೆ ಅಲರ್ಜಿ. ಅತ್ತೆಗೆ ಬರುವುದು ಈ ಅಲರ್ಜಿಯೇ.

ಗೇರು, ಮಾವು, ಹಿಂದೆ ಬಟ್ಟೆಗೆ ಗುರುತು ಹಾಕಲು ಬಳಸುತ್ತಿದ್ದ ಕಾಡುಗೇರು, ಕಾಡಿನ ಚೇರೆ ಮರ, ಎಲ್ಲ ಒಂದೇ ಕುಟುಂಬ. ಒಂದಕ್ಕೆ ಅಲರ್ಜಿ ಇದ್ದರೆ ಇನ್ನೊಂದಕ್ಕೂ ಬರುವ ಸಂಭವ ಜಾಸ್ತಿ. ಕಾಟು ಮಾವಿನಹಣ್ಣು ಚೀಪಿ ಎರಡು ದಿನ ಬಿಟ್ಟು ತುಟಿಯ ಸುತ್ತ ಗುಳ್ಳೆ ಬಂದರೆ ಅದು "ಉಷ್ಣ"ದಿಂದಲ್ಲ, ಸೊನೆಯಿಂದ. ತೊಟ್ಟು ತೆಗೆದು, ತೊಳೆದು, ಬೇರೆಯವರು ಸಿಪ್ಪೆ ಸುಲಿದು ಕೊಟ್ಟರೆ ಅತ್ತೆ ಮಾವು ತಿನ್ನಬಹುದು. ಚೆನ್ನಾಗಿ ಹುರಿದು ಸಂಸ್ಕರಿಸಿದ ಗೇರುಬೀಜವನ್ನೂ ಸಾಮಾನ್ಯವಾಗಿ ತಿನ್ನಬಹುದು. ಮನೋಳಿ ಜೊತೆ ಹಾಕುವ ಹಸಿ ಬೀಜದಲ್ಲಿ ಸಿಪ್ಪೆಯ ಎಣ್ಣೆ ಸ್ವಲ್ಪ ಉಳಿದಿರುತ್ತದೆ, ಅದು ಬೇಡ. ಇನ್ನೂ ವಿಚಿತ್ರ ಎಂದರೆ ಇದೇ ಗೇರುಬೀಜದ ತಿರುಳಿಗೆ ಕೆಲವು ಮಕ್ಕಳಿಗೆ ಯಜಮಾನರ ಥರದ ಹತ್ತು ನಿಮಿಷದ ಅಲರ್ಜಿ ಇರುತ್ತದೆ. ಅದರ ಕಾರಣ ಐಜಿಇ. ಮರ ಒಂದೇ, ಆಯುಧ ಬೇರೆ.

ಖಚಿತ ಮಾಡಲು ಪ್ಯಾಚ್ ಟೆಸ್ಟ್ ಇದೆ. ಬೆನ್ನಿಗೆ ಅಂಟಿಸಿ ಎರಡು ದಿನ ಬಿಟ್ಟು ತೆಗೆದು ನೋಡುತ್ತಾರೆ, ಒಂದೆರಡು ದಿನ ಬಿಟ್ಟು ಮತ್ತೊಮ್ಮೆ. ಅತ್ತೆಗೆ ಯಜಮಾನರ ಥರ ಐಜಿಇ ಪರೀಕ್ಷೆ ಮಾಡಿಸಿದರೆ ದಂಡ. ಗುಳ್ಳೆ ಬಂದಾಗ ಅವಿಲ್‌ನಿಂದ ದೊಡ್ಡ ಪ್ರಯೋಜನವಿಲ್ಲ, ಇಲ್ಲಿ ಹಿಸ್ಟಮಿನ್ ಮುಖ್ಯ ಪಾತ್ರಧಾರಿಯಲ್ಲ. ಹಚ್ಚುವ ಸ್ಟಿರಾಯ್ಡ್ ಮುಲಾಮು ಡಾಕ್ಟರು ಹೇಳಿದಷ್ಟು ದಿನ ಸಾಕು.

ನಾಲ್ಕನೇ ವಿಧದ ನಿಜವಾದ ಕ್ರೌರ್ಯ ಚರ್ಮದ ಗುಳ್ಳೆಯಲ್ಲಿಲ್ಲ. ಕ್ಷಯ ಮತ್ತು ಕುಷ್ಠದಲ್ಲಿದೆ. ಕ್ಷಯದಲ್ಲಿ ಶ್ವಾಸಕೋಶದಲ್ಲಿ ಗುಳಿ ಬೀಳುವುದು ಬ್ಯಾಕ್ಟೀರಿಯಾ ತಿಂದದ್ದರಿಂದಲ್ಲ. ಅದನ್ನು ಸುತ್ತುವರಿದ ನಮ್ಮದೇ ಕೋಶಗಳು ಸುರಿದ ಕಿಣ್ವಗಳಿಂದ ಮಾಂಸ ಕರಗಿ ಬೀಳುವುದು. ಎಚ್‌ಐವಿಯಿಂದ ಟಿ ಸೆಲ್ ತೀರಾ ಕಡಿಮೆಯಾದವರಲ್ಲಿ ಕ್ಷಯ ಮೈತುಂಬ ಹರಡಿದ್ದರೂ ಎಕ್ಸ್‌ರೇಯಲ್ಲಿ ಗುಳಿ ಕಡಿಮೆ. ಆದರೆ ಅವರೇ ಬೇಗ ಸಾಯುವುದು. ಈ ಒಂದು ಉದಾಹರಣೆ ಯಾವಾಗಲೂ ನೆನಪಿರಲಿ. ರಕ್ಷಣೆ ಮತ್ತು ಹಾನಿ ಮಾಡುವ ಕೈ ಒಂದೇ. ಹಾನಿ ತಪ್ಪಿಸಲು ಕೈಯನ್ನೇ ಕಡಿದರೆ ರೋಗಾಣು ಗೆಲ್ಲುತ್ತದೆ.

ಕುಷ್ಠ ಇದಕ್ಕಿಂತ ದೊಡ್ಡ ಪಾಠ ಕಲಿಸುತ್ತದೆ. ಮಂಗಳೂರಿನ ಕಂಕನಾಡಿಯಲ್ಲಿ ಫಾದರ್ ಅಗಸ್ಟಸ್ ಮುಲ್ಲರ್ 1890ರಲ್ಲಿ ಕುಷ್ಠರೋಗಿಗಳಿಗೆ ಆಶ್ರಯ ಕಟ್ಟಿದರು. ಆಗ ಪರಿಣಾಮಕಾರಿ ಔಷಧಿ ಇರಲಿಲ್ಲ. ಈಗ ಹಲವು ಔಷಧಿ ಸೇರಿದ ಎಂಡಿಟಿ ಮಾತ್ರೆಗಳಿಂದ ಬ್ಯಾಕ್ಟೀರಿಯಾ ಸಾಯುತ್ತದೆ. ಆದರೂ ಚಿಕಿತ್ಸೆ ನಡೆಯುತ್ತಿರುವಾಗಲೇ ಕೆಲವರ ಕೈ ಸೊಟ್ಟಗಾಗುತ್ತದೆ, ಪಾದ ಜೋಲುತ್ತದೆ. ಕಾರಣ ನರದಲ್ಲಿ ಅಡಗಿದ ಬ್ಯಾಕ್ಟೀರಿಯಾದ ಮೇಲೆ ಟಿ ಸೆಲ್‌ಗಳು ಒಮ್ಮೆಲೇ ಎರಗುವುದು. ಬ್ಯಾಕ್ಟೀರಿಯಾದ ಜೊತೆಗೆ ನರವೂ ಸಾಯುತ್ತದೆ. ಇನ್ನು ಕೆಲವರಿಗೆ ಜ್ವರ, ಮೈಮೇಲೆ ಕೆಂಪು ನೋಯುವ ಗಂಟುಗಳು ಬರುತ್ತವೆ. ಅದರಲ್ಲಿ ನಿಮ್ಮ ಮಗನ ಥರದ ಇಮ್ಯೂನ್ ಕಾಂಪ್ಲೆಕ್ಸ್‌ಗಳ ಪಾಲೂ ಇದೆ. ಎರಡರಲ್ಲೂ ಎಂಡಿಟಿ ನಿಲ್ಲಿಸಬಾರದು, ಅದರ ಜೊತೆಗೆ ಸ್ಟಿರಾಯ್ಡಿನಂಥ ಔಷಧಿ ಸೇರಿಸಬೇಕು. "ಮಾತ್ರೆಯಿಂದಲೇ ಜೋರಾಯಿತು" ಎಂದು ಬಿಟ್ಟವರ ಕೈ ಹೋಗುತ್ತದೆ.

ಔಷಧಿಗಳ ಅಲರ್ಜಿಯೂ ಒಂದೇ ವಿಧದಲ್ಲಿ ನಿಲ್ಲುವುದಿಲ್ಲ. ಪೆನಿಸಿಲಿನ್ ಒಂದೇ ಸಾಕು. ನಿಮಿಷದಲ್ಲಿ ಅನಾಫಿಲಾಕ್ಸಿಸ್, ದಿನಗಳಲ್ಲಿ ರಕ್ತಕಣ ಒಡೆಯುವುದು, ವಾರ ಕಳೆದು ಜ್ವರ ಗಂಟುನೋವು, ಟಿ ಸೆಲ್‌ನಿಂದ ಮೈತುಂಬ ದದ್ದು, ನಾಲ್ಕನ್ನೂ ಅದು ಮಾಡಬಲ್ಲದು. ಫಿಟ್ಸಿನ ಕಾರ್ಬಮಜೆಪಿನ್, ಸಲ್ಫಾ, ಗೌಟಿನ ಅಲೋಪ್ಯುರಿನಾಲ್ ಶುರು ಮಾಡಿದ ಮೊದಲ ಕೆಲವು ವಾರಗಳಲ್ಲಿ ದದ್ದಿನ ಜೊತೆ ಜ್ವರ, ಬಾಯಿಹುಣ್ಣು, ಕಣ್ಣುರಿ, ಚರ್ಮ ಕಿತ್ತು ಬರುವುದು ಕಂಡರೆ ಮುಂದಿನ ಮಾತ್ರೆ ನುಂಗಿಸಬೇಡಿ. ಅದೇ ದಿನ ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ಅಮೃತಬಳ್ಳಿಯ ಮಾತು ಬಾಕಿ ಇತ್ತು. ಇಮ್ಯೂನಿಟಿ ಎಂದರೆ ಏರಿಸಲು, ಇಳಿಸಲು ಒಂದೇ ಗುಂಡಿ ಇರುವ ಯಂತ್ರವಲ್ಲ ಎಂದು ಈಗ ನಿಮಗೇ ಗೊತ್ತಾಯಿತು. ಯಜಮಾನರಿಗೆ ಐಜಿಇ, ಮಗನಿಗೆ ಕಾಂಪ್ಲೆಕ್ಸ್, ಅತ್ತೆಗೆ ಟಿ ಸೆಲ್. ಒಂದು ಕಷಾಯ ಮೂರಕ್ಕೂ ಏನು ಮಾಡಬೇಕು? ಮೂವರಿಗೂ ಇರುವ ತೊಂದರೆ ಅತಿರೇಕದ್ದು, ಅದನ್ನು ಇನ್ನೂ ಚುರುಕು ಮಾಡುವ ಆಸೆ ಯಾಕೆ? ಕೋವಿಡ್ ಕಾಲದಲ್ಲಿ ಅಮೃತಬಳ್ಳಿ ತಿಂಗಳುಗಟ್ಟಲೆ ಕುಡಿದ ಕೆಲವರಿಗೆ ಆಟೋಇಮ್ಯೂನ್ ಥರದ ಲಿವರ್ ಉರಿಯೂತ ಬಂದದ್ದನ್ನು ನಮ್ಮ ದೇಶದ ವೈದ್ಯರೇ ವರದಿ ಮಾಡಿದ್ದಾರೆ. ಆಯುಷ್ ಸಚಿವಾಲಯ ಅದನ್ನು ಒಪ್ಪಿಲ್ಲ. ಆದರೂ ಲಾಭ ಏನೆಂದು ಗೊತ್ತಿಲ್ಲದೆ ಅಪಾಯದ ಸಂಶಯ ಇರುವಾಗ ನಾನು ಕೊಡಿ ಎನ್ನುವುದಿಲ್ಲ. ದೊಡ್ಡವರು ವರ್ಷಕ್ಕೊಂದು ದಿನ ಪಾಲೆ ಕಷಾಯ ಕುಡಿಯುವುದು ಸಂಪ್ರದಾಯ. ಮರ ಗುರುತಿರುವವರು ತಂದರೆ ಅದಕ್ಕೆ ನನ್ನ ಅಡ್ಡಿ ಇಲ್ಲ.

ಯಜಮಾನರನ್ನು ಈ ವಾರವೇ ಅಲರ್ಜಿ ನೋಡುವ ಡಾಕ್ಟರ ಹತ್ತಿರ ಕಳಿಸಿ, ಅಡ್ರಿನಲಿನ್ ಬಗ್ಗೆ ಕೇಳಿ ತಿಳಿದುಕೊಳ್ಳಿ. ಪರ್ಸಿನಲ್ಲಿ "ಸಿಗಡಿ ಅಲರ್ಜಿ" ಎಂದು ಚೀಟಿ ಇರಲಿ. ಮಗನ ಮೂತ್ರ ಮತ್ತು ಬಿಪಿಯನ್ನು ಡಾಕ್ಟರು ಹೇಳಿದ ದಿನಗಳಲ್ಲಿ ತಪ್ಪದೆ ನೋಡಿಸಿ. ಬರಿಗಣ್ಣಿಗೆ ಕಾಣದ ರಕ್ತ ಮೂತ್ರದಲ್ಲಿ ಹಲವು ತಿಂಗಳು, ಕೆಲವೊಮ್ಮೆ ಒಂದು ವರ್ಷವೂ ಇರಬಹುದು, ಅದೊಂದಕ್ಕೇ ಹೆದರಬೇಕಾಗಿಲ್ಲ. ಮೂತ್ರ ಮತ್ತೆ ಬಣ್ಣಗೆಟ್ಟರೆ, ಪ್ರಮಾಣ ಕಡಿಮೆಯಾದರೆ, ತಲೆನೋವು ಅಥವಾ ಫಿಟ್ಸ್ ಬಂದರೆ ಕಾಯದೆ ಹೊರಡಿ.